ಧನುರ್ಮಾಸದ ಕಾರು

ಧನುರ್ಮಾಸ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಬೆಳಗ್ಗೆ ಆರಕ್ಕೇ ಗುರುಗುಟ್ಟುವ ಸದ್ದು ಶುರು. ಕಾರು ಸ್ಟಾರ್ಟ್ ಮಾಡಿಟ್ಟು ಮಾಲೀಕರು ಇನ್ನೊಂದು ಲೋಟ ಕಾಫಿಗೆಂದು ಮೇಲೆ ಹೋಗಿರುತ್ತಾರೆ. ಇಂಜಿನ್ ಬಿಸಿಯಾಗಬೇಕಂತೆ. ಮಂಕಿ ಕ್ಯಾಪ್ ಹಾಕಿಕೊಂಡವರಿಗೆ ಇಂಜಿನ್ನಿಗೂ ಚಳಿ ಅನ್ನಿಸುವುದು ಸಹಜವೇ.

ಈ ಊರು ಕಂಡ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಈಗಿನ ಚಳಿಗಾಲದ ಬೆಳಗುಗಳು 15ರ ಆಸುಪಾಸಿನವು. ಡಬ್ಬದ ಮೇಲೆ 5ಡಬ್ಲ್ಯೂ-30 ಎಂದು ಬರೆದ ಇಂಜಿನ್ ಆಯಿಲ್ ಚಳಿಯಲ್ಲಿ ತೀರಾ ಗಟ್ಟಿಯಾಗುವುದಿಲ್ಲವೇ ಎಂದು ಪರೀಕ್ಷಿಸುವುದು ಮೈನಸ್ 30ರಲ್ಲಿ. ಹಳೇ ಕಾಲದ ಮಂದ 20ಡಬ್ಲ್ಯೂ-50 ಕೂಡ ಮೈನಸ್ 15ರಲ್ಲಿ ಪಾಸಾಗಿ ಬಂದದ್ದೇ. ಅವಕ್ಕೆ ನಮ್ಮ ಜನವರಿ ಯಾವ ಲೆಕ್ಕ?

ಈ ಅಭ್ಯಾಸ ಪೆಟ್ರೋಲ್-ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುತ್ತಿದ್ದ ಕಾರ್ಬುರೇಟರ್ ಕಾಲದ್ದು. ಆಗ ಅದು ತಪ್ಪೂ ಆಗಿರಲಿಲ್ಲ. ಆ ಮಿಶ್ರಣ ಇಂಜಿನ್ನಿಗೆ ಹೋಗುವ ಕೊಳವೆ, ಅಂದರೆ ತಣ್ಣಗಿನ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲ್ ಆವಿಯಾಗದೆ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಹಳೇ ಪದ್ಮಿನಿ ಕಾರಿನವರು ಚೋಕ್ ಎಳೆದು, ಗಾಳಿ ಕಡಿಮೆ ಮಾಡಿ, ಸೆಲ್ಫ್ ಹೊಡೆದು, ಇಂಜಿನ್ ನೆಟ್ಟಗೆ ಉಸಿರಾಡುವವರೆಗೆ ಕಾಯಲೇಬೇಕಿತ್ತು. ಚೋಕ್ ಒಳಗೆ ತಳ್ಳಲು ಮರೆತರೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗು. ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ಬಂದಮೇಲೆ ಆ ಕೆಲಸವನ್ನು ಸೆನ್ಸರ್ ಮತ್ತು ಇಸಿಯು, ಅಂದರೆ ಇಂಜಿನ್ನಿನ ಪುಟ್ಟ ಕಂಪ್ಯೂಟರ್, ವಹಿಸಿಕೊಂಡಿವೆ. ಬೆಳಗ್ಗೆ ಐಡಲಿಂಗ್, ಅಂದರೆ ನಿಂತಲ್ಲೇ ಇಂಜಿನ್ ತಿರುಗುವ ವೇಗ, 1200 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿಗೆ ಏರಿ, ಆಮೇಲೆ 800ಕ್ಕೆ ಇಳಿಯುವುದು ಅವುಗಳ ಕೈವಾಡವೇ.

ತಣ್ಣಗಿರುವಷ್ಟು ಹೊತ್ತೂ ಇಸಿಯು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ನಿಂತಲ್ಲೇ ಓಡಿಸಿದರೆ ಈ ಹಂತ ಸುಮ್ಮನೆ ಉದ್ದವಾಗುತ್ತದೆ, ಯಾಕೆಂದರೆ ಹೊರೆಯಿಲ್ಲದ ಇಂಜಿನ್ ಬಿಸಿಯಾಗುವುದೇ ನಿಧಾನ. ಹತ್ತು ನಿಮಿಷಕ್ಕೆ ಸಣ್ಣ ಕಾರೂ ಸುಮಾರು 100 ಮಿಲಿ ಕುಡಿಯುತ್ತದೆ. ಗೇರ್‌ಬಾಕ್ಸಿನ ಎಣ್ಣೆಯಂತೂ ಹಾಗೇ ತಣ್ಣಗಿರುತ್ತದೆ. ಬೆಳಗ್ಗೆ ಎರಡನೇ ಗೇರ್ ಬಿಗಿಯಾಗಿ ಬೀಳುವುದು ಅದಕ್ಕೇ. ಆಯಿಲ್ ದೀಪ ಆರಿದ ಮೇಲೆ ಸೀಟ್ ಬೆಲ್ಟ್ ಹಾಕಿ ಕನ್ನಡಿ ಸರಿಮಾಡಿಕೊಳ್ಳುವ ಅರ್ಧ ನಿಮಿಷ ಧಾರಾಳ ಸಾಕು. ಮೊದಲ ಮೂರ್ನಾಲ್ಕು ಕಿಲೋಮೀಟರ್ 2500 ಆರ್‌ಪಿಎಂ ದಾಟಿಸದೆ ಹೋಗಿ. ನಿಂತಲ್ಲೇ ರೇಸ್ ಮಾಡಿ ಬಿಸಿಮಾಡುವವರಿಗೆ ಹೇಳಿ ಪ್ರಯೋಜನವಿಲ್ಲ. ಡೀಸೆಲ್ ಆದರೆ ಸೆಲ್ಫಿಗೆ ಮೊದಲು ಸುರುಳಿ ಚಿತ್ರದ ಹಳದಿ ದೀಪ ಆರುವ ತನಕ ತಡೆಯಿರಿ, ಅಷ್ಟೇ. ಬೇಸ್‌ಮೆಂಟಿನ ಮಾತೇ ಬೇರೆ: ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿದ್ದರೆ ಕೆಲಸಕ್ಕಿಳಿಯಲು ಸುಮಾರು 250 ಡಿಗ್ರಿಯಾದರೂ ಬೇಕು, ಅಲ್ಲಿಯವರೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುಕಡಿಮೆ ಇಡಿಯಾಗಿ ಹೊರಬರುತ್ತದೆ, ಅದೂ ಗಾಳಿಯಾಡದ ಜಾಗದಲ್ಲಿ.

ಕಾರಿಗೆ ನಿಜವಾದ ಕಷ್ಟ ಕೊಡುವುದು ಗಾಂಧಿಬಜಾರಿಗೆ ಹೋಗಿ ಹೂವು ತರುವಂಥ ಸಣ್ಣ ಓಡಾಟ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಬಿಸಿಯೇರುವ ಮೊದಲೇ ಆಫ್ ಮಾಡಿದರೆ ಅದು ಸೈಲೆನ್ಸರಿನೊಳಗೆ ನಿಂತು ತುಕ್ಕು ಹಿಡಿಸುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಗಟ್ಟಿ ಮಜ್ಜಿಗೆಯಂಥ ಬಿಳಿ ಜಿಡ್ಡು ಕಂಡು ಕೂಲಂಟ್ (ಇಂಜಿನ್ ತಂಪಿಡುವ ದ್ರವ) ಆಯಿಲಿಗೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಪಡುವವರುಂಟು. ಕೂಲಂಟ್ ಮಟ್ಟ ಇಳಿಯದಿದ್ದರೆ ಅದು ಬಹುತೇಕ ಇದೇ ತೇವ. ವಾರಕ್ಕೊಮ್ಮೆ ಕನಕಪುರ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಒಣಗುತ್ತದೆ.

ಓಡಿಸಿದರೂ ಬಿಸಿಯಾಗದ ಕಾರುಗಳೂ ಇವೆ. ಬೇಸಿಗೆಯಲ್ಲಿ ಓವರ್‌ಹೀಟ್ ಆಯಿತೆಂದು ಯಾರೋ ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತುಹಾಕಿರುತ್ತಾನೆ; ಇಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಅದು. ಅಂದಿನಿಂದ ಇಂಜಿನ್ ತಣ್ಣಗಿದೆ ಎಂದೇ ನಂಬಿದ ಇಸಿಯು ಪೆಟ್ರೋಲ್ ಸುರಿಯುತ್ತಿರುತ್ತದೆ, ಮೈಲೇಜ್ ಬೀಳುತ್ತದೆ. ತಿಳಿಯುವುದು ಸುಲಭ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ. ಕೆಲ ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿಯಿದೆ. ಮೊದಲಿನಿಂದಲೇ ಮೆಲ್ಲಗೆ ಬಿಸಿಯೇರುತ್ತ ಹೋದರೆ ತೆರೆದೇ ಕೂತಿದೆ, ಇಲ್ಲವೇ ಜಾಗದಲ್ಲೇ ಇಲ್ಲ.