ಹಿಫ್ಝ್ ಮದರಸಾಗಳಲ್ಲಿ ಬೆತ್ತಕ್ಕೆ ಪೂರ್ತಿ ನಿಷೇಧ ಬೇಕೇ?

ಪರ

ಬೆಳಗಿನ ಜಾವದ ಫಜ್ರ್ ನಮಾಝ್ ಮುಗಿಯುತ್ತಲೇ ಹಿಫ್ಝ್, ಅಂದರೆ ಕುರ್‌ಆನ್ ಕಂಠಪಾಠದ ತರಗತಿ ಶುರು. ಹುಡುಗ ಉಸ್ತಾದರ (ಗುರುಗಳ) ಎದುರು ಕೂತು ಹೊಸ ಸಬಕ್ (ಪಾಠ) ಒಪ್ಪಿಸಬೇಕು, ಆಮೇಲೆ ಹಳೆಯ ಪಾಠ. ಪಕ್ಕದಲ್ಲಿ ಬೆತ್ತವಿದ್ದರೆ ಅವನ ಕಣ್ಣೆಲ್ಲ ಅದರ ಮೇಲೆಯೇ. ಚೆನ್ನಾಗಿ ಗೊತ್ತಿರುವ ಆಯತ್ತೂ (ವಚನವೂ) ಬಾಯಿಗೆ ಬರುವುದಿಲ್ಲ. ತಪ್ಪಿಗೆ ಏಟು, ಏಟಿನ ಭಯಕ್ಕೆ ಇನ್ನೊಂದು ತಪ್ಪು. 30 ಜುಝ್ (ಭಾಗ) ಪೂರ್ತಿ ಕಂಠಪಾಠವಾದ ಮೇಲೂ ಕುರ್‌ಆನ್ ಕೈಗೆತ್ತಿಕೊಂಡಾಗ ಅಂಗೈಯ ಉರಿಯೇ ನೆನಪಾಗುವುದಾದರೆ ನಾವು ಆ ಮಗುವಿಗೆ ಕಲಿಸಿದ್ದೇನು?

ಇದು ಹೊರಗಿನವರು ತಂದ ವಾದವಲ್ಲ. ಹೊಡೆದು ಬಡಿದು ಬೆಳೆಸಿದ ಮಕ್ಕಳು ಸೋಮಾರಿಗಳಾಗುತ್ತಾರೆ, ಏಟು ತಪ್ಪಿಸಿಕೊಳ್ಳಲು ಸುಳ್ಳು ಕಲಿಯುತ್ತಾರೆ ಎಂದು ಇತಿಹಾಸಕಾರ ಇಬ್ನ್ ಖಲ್ದೂನ್ 14ನೇ ಶತಮಾನದಲ್ಲೇ ಬರೆದಿದ್ದಾರೆ. ಪ್ರವಾದಿಯವರ(ಸ) ಸೇವೆಯಲ್ಲಿ ಹತ್ತು ವರ್ಷ ಇದ್ದ ಅನಸ್, ಅವರು ಒಮ್ಮೆಯೂ ತನ್ನನ್ನು ‘ಛೆ’ ಎನ್ನಲಿಲ್ಲ ಎಂದು ನೆನೆಯುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. 2012ರ ತಿದ್ದುಪಡಿಯಲ್ಲಿ ಮದರಸಾಗಳೂ ವೇದಪಾಠಶಾಲೆಗಳೂ ಆ ಕಾಯ್ದೆಯಿಂದ ಹೊರಗುಳಿದವು. ಪಕ್ಕದ ಶಾಲೆಯ ಮಗುವಿಗಿರುವ ರಕ್ಷಣೆ ನಮ್ಮ ಮಗುವಿಗೆ ಯಾಕೆ ಬೇಡ? ಸರ್ಕಾರ ಹೇಳುವವರೆಗೆ ಕಾಯದೆ ಆಡಳಿತ ಸಮಿತಿಗಳೇ ಬೆತ್ತ ತೆಗೆಸಲಿ.

ವಿರೋಧ

ಬಾಸುಂಡೆ ಬರುವಂತೆ ಹೊಡೆದವರ ಪರ ನಾನಿಲ್ಲ. ಅಂಥವರ ಮೇಲೆ ಕೇಸು ಹಾಕಲೇಬೇಕು. ನನ್ನ ತಕರಾರು ಪೂರ್ತಿ ನಿಷೇಧದ ಬಗ್ಗೆ. ಮಕ್ಕಳಿಗೆ ಏಳು ವರ್ಷಕ್ಕೆ ನಮಾಝ್ ಮಾಡಲು ಹೇಳಿ, ಹತ್ತು ವರ್ಷವಾದ ಮೇಲೂ ಬಿಟ್ಟರೆ ಹೊಡೆಯಿರಿ ಎಂಬ ಹದೀಸ್ (ಪ್ರವಾದಿ ವಚನ) ಇದೆ. ಮುಖಕ್ಕೆ ಹೊಡೆಯಬಾರದು, ಗಾಯವಾಗಬಾರದು ಎಂದು ವಿದ್ವಾಂಸರು ಅದಕ್ಕೆ ಮಿತಿಯನ್ನೂ ಹಾಕಿದ್ದಾರೆ. ಆ ಮಿತಿಯನ್ನು ಉಸ್ತಾದರಿಗೆ ಸರಿಯಾಗಿ ಕಲಿಸಿದ್ದೇವೆಯೇ?

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೆತ್ತ ಹೋದ ಮೇಲೆ ಬರುವ ಶಿಕ್ಷೆ. ಎಲ್ಲರೆದುರು ಹೀಯಾಳಿಕೆ, ಆಮೇಲೆ ‘ನಿಮ್ಮ ಮಗನನ್ನು ಕರೆದುಕೊಂಡು ಹೋಗಿ’ ಎಂದು ತಂದೆಗೆ ಫೋನು. ಊಟ, ವಸತಿ ಉಚಿತವೆಂದೇ ಬಂದ ಬಡ ಹುಡುಗ ಅಲ್ಲಿಂದ ಗ್ಯಾರೇಜಿಗೋ ಹೋಟೆಲಿಗೋ ಸೇರುತ್ತಾನೆ. ಒಂದು ಏಟಿಗಿಂತ ಇದು ಹಗುರ ಎನ್ನಲು ನನ್ನಿಂದಾಗದು.

ಬೆಳಗಿನ ಜಾವದಿಂದ ರಾತ್ರಿಯ ಇಶಾ ನಮಾಝಿನವರೆಗೆ ಪಾಠ, ಊಟ, ಜ್ವರ, ಜಗಳ ಎಲ್ಲವನ್ನೂ ಒಬ್ಬರೇ ಉಸ್ತಾದ್ ನೋಡಿಕೊಳ್ಳುವ ಕಡೆ ಬೆತ್ತ ಕಿತ್ತುಕೊಂಡರಷ್ಟೇ ಶಿಸ್ತು ಬರುವುದಿಲ್ಲ. ರಾತ್ರಿಗೆ ಬೇರೆ ವಾರ್ಡನ್ ಬರಲಿ, ಉಸ್ತಾದರಿಗೆ ತರಬೇತಿಯೂ ಮನೆ ನಡೆಸುವಷ್ಟು ಸಂಬಳವೂ ಸಿಗಲಿ, ಹುಡುಗರಿಗೆ ಸಂಜೆ ಆಡಲು ಬಿಡುವಿರಲಿ. ಸಮಿತಿಯವರು ಇದಕ್ಕೆಲ್ಲ ಹಣ ತೆಗೆದಿಟ್ಟ ದಿನ ನಿಷೇಧದ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ.