ಬ್ಯಾನ್ ಅಂದರೆ ಡಂಗುರ

"ನಾಲೆ ನೀರ್ ಬ್ಯಾನ್ ಮಾಡವ್ರಂತೆ ಕಣ್ ಮಗ. ಕಬ್ಬು ಕಡಿಸ್ಬುಡ್ತೀನಿ" ಅಂತ ಚಿಕ್ಕಪ್ಪ ಫೋನಿನಲ್ಲಿ ಹೇಳಿದಾಗ ನಾನು ಇಂಗ್ಲೆಂಡಿನ ರೆಡಿಂಗ್ ಊರಿನ ಆಫೀಸಿನಲ್ಲಿ ಕೂತಿದ್ದೆ. ಯಾರು ಹೇಳಿದರು, ಯಾವತ್ತಿನಿಂದ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಎಂಟು ತಿಂಗಳ ಕಬ್ಬು, ಇನ್ನೂ ನಾಲ್ಕು ತಿಂಗಳು ನಿಲ್ಲಬೇಕಾದದ್ದು. ಎಳೆ ಕಬ್ಬಿನ ಹಾಲಿನಲ್ಲಿ ಬೆಲ್ಲ ಸರಿಯಾಗಿ ಕಟ್ಟೋದಿಲ್ಲ, ಹಾಗಾಗಿ ಆಲೆಮನೆಯವರು ಕೊಟ್ಟಷ್ಟೇ ಬೆಲೆ. ಹದಿನೆಂಟು ದಿನ ಕಳೆದ ಮೇಲೆ ನಾಲೆಯಲ್ಲಿ ನೀರು ಬಂತು.

ನಮ್ಮದು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲು. ಆ ಸಲ ಆಗಿದ್ದದ್ದು ಇಷ್ಟು: ಕನ್ನಂಬಾಡಿಯಲ್ಲಿ ನೀರು ಕಮ್ಮಿ, ಹೊಸದಾಗಿ ಭತ್ತದ ಒಟ್ಲು, ಅಂದರೆ ಸಸಿಮಡಿ, ಬಿಡಬೇಡಿ, ನಿಂತ ಬೆಳೆಗೆ ಕಟ್ಟು ನೀರು ಕೊಡ್ತೀವಿ. ಕಟ್ಟು ನೀರು ಅಂದರೆ ಏನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು: ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಆ ಮಾತು ಟೀ ಅಂಗಡಿ ದಾಟಿ, ಮೊಬೈಲು ದಾಟಿ ಚಿಕ್ಕಪ್ಪನ ಜಗುಲಿಗೆ ಬರುವಷ್ಟರಲ್ಲಿ ಒಂದೇ ಪದವಾಗಿತ್ತು. ಬ್ಯಾನ್.

ಅವತ್ತಿನಿಂದ ಈ ಪದ ನನ್ನ ತಲೆಯಲ್ಲಿ ಕೂತಿದೆ.

2022ರ ಬೇಸಿಗೆಯಲ್ಲಿ ನಾನಿರುವ ಊರಿಗೂ ನೀರಿನ ಬ್ಯಾನ್ ಬಂತು. ಇಲ್ಲಿನವರು ಅದನ್ನು ಹೋಸ್‌ಪೈಪ್ ಬ್ಯಾನ್ ಅಂತಾರೆ. ಕಾನೂನಿನಲ್ಲಿ ಅದರ ಹೆಸರು ತಾತ್ಕಾಲಿಕ ಬಳಕೆ ನಿಷೇಧ. ಆಗಸ್ಟ್ 24ರಿಂದ ಜಾರಿ, ಪೈಪಿನಲ್ಲಿ ತೋಟಕ್ಕೆ ನೀರು ಬಿಡಬಾರದು, ಕಾರು ತೊಳೆಯಬಾರದು, ತಪ್ಪಿದರೆ 1,000 ಪೌಂಡಿನವರೆಗೆ ದಂಡ. ಬಿಂದಿಗೆ, ಬಕೆಟ್ಟಿಗೆ ಅಡ್ಡಿಯಿಲ್ಲ. ಪಕ್ಕದ ಮನೆಯ ಮುದುಕರು ಸಂಜೆ ಆರಕ್ಕೆ ಜರಡಿ ಮೂತಿಯ ಕ್ಯಾನು ಹಿಡಿದು ಹುರುಳಿಕಾಯಿ ಬಳ್ಳಿಯ ಬುಡಕ್ಕೆ ನೀರು ಹೊಯ್ಯುತ್ತಿದ್ದರು, ಒಂದು ಬಳ್ಳಿಗೆ ಒಂದು ಕ್ಯಾನು. ನಿಲ್ಲಿಸಿದ್ದು ನೀರನ್ನಲ್ಲ, ಪೈಪನ್ನು ಅನ್ನೋದು ಅವರಿಗೆ ಸ್ಪಷ್ಟವಾಗಿತ್ತು. ಹೀಗೆ ನಿಷೇಧ ಹೇರುವವರು ಆ ಪ್ರದೇಶದ ಎರಡಾದರೂ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆ ಇದ್ದವರು ಅದನ್ನು ಹೇಗೆ ಸಲ್ಲಿಸಬೇಕು ಅನ್ನೋದನ್ನೂ ಅದರಲ್ಲಿ ಬರೆಯಬೇಕು. ಕಾನೂನೇ ಹಾಗಿದೆ.

ಅದಕ್ಕೂ ಮೊದಲು ಇನ್ನೊಂದು ಕಡೆ ಈ ಪದ ಕಿವಿಗೆ ಬಿದ್ದಿತ್ತು. ಸಹೋದ್ಯೋಗಿಯೊಬ್ಬರ ಮದುವೆ ಗೊತ್ತಾಗಿತ್ತು, ಭಾನುವಾರ ಚರ್ಚಿಗೆ ಕರೆದರು. ಪಾದ್ರಿಗಳು ಎದ್ದು ನಿಂತು ಗಂಡು ಹೆಣ್ಣಿನ ಹೆಸರು ಓದಿ, ಇವರ ಮದುವೆಗೆ ಕಾನೂನಿನ ಅಡ್ಡಿ ಏನಾದರೂ ಗೊತ್ತಿದ್ದವರು ಹೇಳಿ ಅಂದರು. ಹೀಗೆ ಮೂರು ಭಾನುವಾರ ಓದುತ್ತಾರಂತೆ. ಅದಕ್ಕೆ ಬ್ಯಾನ್ಸ್ ಅಂತ ಹೆಸರು. ಮದುವೆಗೂ ಬ್ಯಾನಿಗೂ ಏನು ಸಂಬಂಧ ಅಂತ ಮನೆಗೆ ಬಂದು ನಿಘಂಟು ತೆಗೆದೆ. ಎರಡಕ್ಕೂ ಒಂದೇ ಬೇರು. ಹಳೆಯ ಇಂಗ್ಲಿಷಿನಲ್ಲಿ ಬನ್ನನ್ ಅಂದರೆ ಸಾರಿ ಕರೆಯುವುದು, ಎಲ್ಲರಿಗೂ ಕೇಳುವಂತೆ ಹೇಳುವುದು. ಬೇಡ ಅನ್ನುವ ಅರ್ಥ ಬಲವಾದದ್ದು ಆಮೇಲೆ. ಗಡೀಪಾರಿಗೆ ಅವರು ಬಳಸುವ ಬ್ಯಾನಿಶ್ ಕೂಡ ಇದೇ ಬಳಗದ್ದು.

ಓದುತ್ತಿದ್ದಂತೆ ಊರಿನ ತಮಟೆಯ ಸದ್ದು ನೆನಪಾಯಿತು. ನಾನು ಚಿಕ್ಕವನಿದ್ದಾಗ ನಾಲೆ ನಿಲ್ಲಿಸುವ ಮುಂಚೆ ಬೀದಿಬೀದಿಯಲ್ಲಿ ತಮಟೆ ಹೊಡೆದು ಸಾರುತ್ತಿದ್ದರು: "ನಾಡಿದ್ದು ಸೋಮ್ವಾರದಿಂದ ನಾಲೆ ನಿಲ್ಲಿಸ್ತಾರೆ, ಹದಿನೈದ್ ದಿನಕ್ಕೆ ಮತ್ತೆ ಬಿಡ್ತಾರೆ, ಕೇಳ್ರಪ್ಪೋ!" ಅವ್ವ ಬಾಗಿಲಿಗೆ ಬಂದು "ಮ್ಯಾಗಲ ತೂಬಿಗೂವೆಯಾ?" ಅಂತ ಕೇಳೋಳು. ಸಾರುವವನು ತಮಟೆ ನಿಲ್ಲಿಸಿ ಉತ್ತರ ಹೇಳೋನು. ಬ್ಯಾನ್ ಪದದ ಹಳೆಯ ಅರ್ಥಕ್ಕೆ ಕನ್ನಡ ಹುಡುಕಿದರೆ ನಿಷೇಧ ಅಲ್ಲ, ಡಂಗುರ.

ನಮ್ಮಲ್ಲಿ ಪದಗಳಿಗೆ ಬರವಿಲ್ಲ. ನಿಷೇಧ ಬೇರೆ, ನಿರ್ಬಂಧ ಬೇರೆ, ತಡೆ ಬೇರೆ, ಬಹಿಷ್ಕಾರ ಬೇರೆ. ಕಾವೇರಿಗಾಗಿ ಮಂಡ್ಯದವರು ಮಾಡುವ ಬಂದ್ ಇನ್ನೊಂದೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದು ಸಾರಾಯಿ ನಿಷೇಧ, ಎಲ್ಲ ಮದ್ಯವನ್ನೂ ನಿಲ್ಲಿಸುವ ಪಾನನಿರೋಧ ಅಲ್ಲ. ಗುಜರಾತಿನಲ್ಲಿ ಇರೋದು ಪಾನನಿರೋಧ. ಈ ಎರಡು ಪದ ಗೊತ್ತಿದ್ದವನಿಗೆ ಎರಡು ರಾಜ್ಯಗಳ ಕಾನೂನು ಅರ್ಧ ಗೊತ್ತಾದ ಹಾಗೆ. ಎಲ್ಲವನ್ನೂ ಬ್ಯಾನ್ ಅಂದುಬಿಟ್ಟರೆ ಈ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಅದರ ಜೊತೆಗೆ "ಆಗಿದೆ" ಸೇರಿಸಿ "ಬ್ಯಾನ್ ಆಗಿದೆ" ಅಂದಾಗ ಮಾಡಿದವರು ಯಾರು ಅನ್ನೋದೂ ಮಾಯ. ಮಳೆ ಆಗಿದೆ ಅಂದ ಹಾಗೆ. ಇದು ನನಗೆ ಸಹಿಸಲಾಗದ ಮಾತು.

ಇಂಗ್ಲೆಂಡೇ ಮೇಲು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಾನೂನಿನಲ್ಲೂ ಇದೆಲ್ಲ ಇದೆ. 144ನೇ ಸೆಕ್ಷನ್ ಅಂತ ಎಲ್ಲರೂ ಕರೆಯುತ್ತಿದ್ದ ನಿಷೇಧಾಜ್ಞೆ 2024ರ ಜುಲೈನಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ. ಆಗಲೂ ಈಗಲೂ ಅದನ್ನು ಲಿಖಿತವಾಗಿ ಕಾರಣ ಕೊಟ್ಟೇ ಹೊರಡಿಸಬೇಕು, ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲೋದಿಲ್ಲ, ತೊಂದರೆಯಾದವರು ರದ್ದು ಮಾಡಿ ಅಂತ ಕೇಳಬಹುದು. ಇಂಥ ಆದೇಶಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಮದ್ದೂರು ಸೀಮೆಗಂತೂ ನಿಷೇಧಾಜ್ಞೆಯ ಪಾಠ ಬೇಕಿಲ್ಲ. 1938ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ಆಜ್ಞೆ ಇದ್ದಾಗಲೇ ಕಾಂಗ್ರೆಸ್ ನಾಯಕ ಟಿ. ಸಿದ್ದಲಿಂಗಯ್ಯನವರು ಮದ್ದೂರಿನ ಶಿವಪುರದಲ್ಲಿ ಅದನ್ನು ಹಾರಿಸಿ ಬಂಧನಕ್ಕೆ ಒಳಗಾದರು. ಆಜ್ಞೆ ಯಾರದು, ಯಾವುದಕ್ಕೆ ಅಂತ ಅಲ್ಲಿ ಸೇರಿದ್ದವರಿಗೆ ಗೊತ್ತಿತ್ತು. ಗೊತ್ತಿದ್ದುದಕ್ಕೇ ಎದುರು ನಿಲ್ಲಲು ಆಯಿತು.

ಈಗ ಚಿಕ್ಕಪ್ಪ ಬ್ಯಾನ್ ಅನ್ನೋ ಮಾತು ಕೇಳಿದರೆ ನೇರ ನಾಲೆ ನೀರು ಬಿಡುವ ನೀರುಗಂಟಿಯ ಹತ್ತಿರ ಹೋಗುತ್ತಾರೆ. ಹೋದ ತಿಂಗಳು ನಾಲೆ ಏರಿಯ ಕಂಬಕ್ಕೆ ಅಂಟಿಸಿದ್ದ ಪ್ರಕಟಣೆಯ ಫೋಟೋ ಕಳಿಸಿದರು. ಮೂಲೆ ಹರಿದಿತ್ತು, ಸಹಿ ಇತ್ತು, ನಿಲ್ಲಿಸುವ ತಾರೀಕು ಇತ್ತು. ಮತ್ತೆ ಬಿಡುವ ತಾರೀಕಿನ ಜಾಗದಲ್ಲಿ "ಮುಂದಿನ ಆದೇಶದವರೆಗೆ" ಅಂತಿತ್ತು.

"ಈ ಮುಂದಿನ ಆದೇಸ ಅನ್ನೋದು ಯಾವತ್ತು ಬತ್ತದೆ ಮಗ?" ಅಂತ ಕೇಳಿದರು. ಸಹಿಯ ಕೆಳಗೆ ಫೋನ್ ನಂಬರು ಇದೆಯಾ ನೋಡಿ ಚಿಕ್ಕಪ್ಪ, ಅಂದೆ. ಹರಿದಿದ್ದ ಮೂಲೆ ಅದೇ ಆಗಿತ್ತು.