ಸ್ಪಷ್ಟನೆ: ಹಗುರ ಮೌಸ್ ಕೊಂಡ ಮಾತ್ರಕ್ಕೆ ಗುರಿ ಸರಿಯಾಗುವುದಿಲ್ಲ

“60 ಗ್ರಾಂಗಿಂತ ಹಗುರವಾದ, 8000 ಹರ್ಟ್ಜ್‌ನ ಮೌಸ್ ಇಲ್ಲದಿದ್ದರೆ ವ್ಯಾಲೊರಂಟ್ ಎಂಬ ಶೂಟಿಂಗ್ ಆಟದಲ್ಲಿ ರ‍್ಯಾಂಕ್ ಏರುವುದಿಲ್ಲ” ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ನಿಜ ಸ್ವಲ್ಪ, ಮಾರಾಟದ ಮಾತೇ ಜಾಸ್ತಿ.

ಸೆನ್ಸಿಟಿವಿಟಿ (ಮೌಸ್ ಸರಿಸಿದಷ್ಟಕ್ಕೆ ಆಟದಲ್ಲಿ ಗುರಿ ಎಷ್ಟು ಸರಿಯಬೇಕು ಎಂಬ ಸೆಟ್ಟಿಂಗ್) ಕಡಿಮೆ ಇಟ್ಟು, ಇಡೀ ತೋಳು ಬೀಸಿ ಆಡುವವರಿಗೆ ತೂಕ ಲೆಕ್ಕಕ್ಕೆ ಬರುತ್ತದೆ. ಮೌಸನ್ನು ಪದೇ ಪದೇ ಎತ್ತಿಡಬೇಕು, ಅಲ್ವಾ? ಮಣಿಕಟ್ಟಿನಲ್ಲೇ ಆಡುವವರಿಗೆ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲ.

8000 ಹರ್ಟ್ಜ್ ವಿಷಯ ಬೇರೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ. 1000 ಹರ್ಟ್ಜ್ ಮೌಸ್ 1 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರ್‌ಗೆ ಮಾಹಿತಿ ಕಳಿಸುತ್ತದೆ. 8000 ಹರ್ಟ್ಜ್‌ನದು 0.125 ಮಿಲಿಸೆಕೆಂಡಿಗೊಮ್ಮೆ. ಉಳಿತಾಯ 1 ಮಿಲಿಸೆಕೆಂಡೂ ಇಲ್ಲ. 144 ಹರ್ಟ್ಜ್ ಮಾನಿಟರ್‌ನಲ್ಲಿ ಪರದೆಯ ಒಂದು ಚಿತ್ರ (ಫ್ರೇಮ್) ಬದಲಾಗಲಿಕ್ಕೇ ಸುಮಾರು 7 ಮಿಲಿಸೆಕೆಂಡ್ ಬೇಕು! ಮೇಲಾಗಿ ವೈರ್‌ಲೆಸ್ ಮೌಸ್ ಆದರೆ ಬ್ಯಾಟರಿ ಬೇಗ ಖಾಲಿ, ಪ್ರೊಸೆಸರ್‌ಗೂ ಹೊರೆ. ಇನ್ನು 30,000 ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಎಣಿಸುವ ಚುಕ್ಕಿಗಳು) ಸುಮ್ನೆ ಡಬ್ಬಿಯ ಮೇಲಿನ ಅಲಂಕಾರ. ವೃತ್ತಿಪರರು ಹೆಚ್ಚಾಗಿ 400ರಿಂದ 1600ರೊಳಗೇ ಇಡುತ್ತಾರೆ.

ಲಾಜಿಟೆಕ್ ಜಿ304 ಎಂಬ ವೈರ್‌ಲೆಸ್ ಮೌಸ್ ಈಗಾಗಲೇ ಇದ್ದರೆ ಒಂದು ಉಪಾಯವಿದೆ. ಅದರ ತೂಕ ಸುಮಾರು 99 ಗ್ರಾಂ. ಅದರಲ್ಲಿ ಆಲ್ಕಲೈನ್ ಸೆಲ್ಲೇ ಸುಮಾರು 23 ಗ್ರಾಂ. ಅದರ ಬದಲು 1.5 ವೋಲ್ಟ್‌ನ ಎಎ ಲಿಥಿಯಂ ಸೆಲ್ ಹಾಕಿದರೆ ಸುಮಾರು 8 ಗ್ರಾಂ ಇಳಿಯುತ್ತದೆ. ಹೊಸದು ಕೊಳ್ಳಲೇಬೇಕೆಂದರೆ ಗ್ರಾಂ ನೋಡುವ ಮೊದಲು ಅಂಗಡಿಯಲ್ಲಿ ಹಿಡಿದು ನೋಡಿ, ನಿಮ್ಮ ಅಂಗೈಗೆ ಕೂರುತ್ತದೆಯೇ ಅಂತ.